ಆಲಿವ್ ಮೈಬಣ್ಣ: ಮುಖದಲ್ಲಿ ಹಸಿರು ಛಾಯೆ ಇರುವವರು ಇಲ್ಲಿ ಯಾರಾದರೂ ಇದ್ದೀರಾ?

ಧಾರವಾಡದ_ಮಳೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನನ್ನ ಮದುವೆ. ಎರಡು ತಿಂಗಳಿಂದ ಸರಿಯಾದ ಫೌಂಡೇಶನ್ ಹುಡುಕುತ್ತಿದ್ದೇನೆ. ಮೂರು ಬಾಟಲಿ ಕೊಂಡಾಯಿತು. ಒಂದು ಹಚ್ಚಿಕೊಂಡರೆ ಮುಖ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಗುಲಾಬಿ. ಮೂರನೆಯದು ಬೂದಿ ಬಳಿದ ಹಾಗೆ.

ನಾನು ಬೆಳ್ಳಗೂ ಇಲ್ಲ, ಕಪ್ಪಗೂ ಇಲ್ಲ. ಮನೆಯಲ್ಲಿ ಗೋಧಿ ಬಣ್ಣ ಅನ್ನುತ್ತಾರೆ. ಅಕ್ಕನ ಕೈ ಪಕ್ಕ ನನ್ನ ಕೈ ಇಟ್ಟರೆ ಇಬ್ಬರೂ ಅಷ್ಟಕ್ಕಷ್ಟೇ. ಯಾರು ಹೆಚ್ಚು ಕಪ್ಪು ಅಂತ ಹೇಳಲು ಆಗುವುದಿಲ್ಲ. ಆದರೆ ಅವಳ ಕೈಯಲ್ಲಿ ಕೆಂಪು ಇದೆ, ನನ್ನದರಲ್ಲಿ ಹಸಿರು ಬೆರೆತ ಹಳದಿ. ಚಳಿಗಾಲದಲ್ಲಂತೂ ಇದು ಜಾಸ್ತಿ. ಚಿಕ್ಕವಳಿದ್ದಾಗಿನಿಂದ "ಯಾಕೆ ಮುಖ ಬಾಡಿದೆ, ಹುಷಾರಿಲ್ವಾ?" ಅಂತ ಕೇಳಿಸಿಕೊಂಡು ಬಂದಿದ್ದೇನೆ. ಕಳೆದ ತಿಂಗಳು ಸೋದರತ್ತೆ ಕಾಮಾಲೆ ಇರಬಹುದು ಅಂದರು. ರಕ್ತ ಪರೀಕ್ಷೆ ಮಾಡಿಸಿದೆ. ಬಿಲಿರುಬಿನ್ ಸರಿಯಾಗಿದೆ. ಹಿಮೋಗ್ಲೋಬಿನ್ 12.8.

ಅಂಗಡಿಯಲ್ಲಿ ಮಣಿಕಟ್ಟಿನ ನರ ನೋಡಿ "ಹಸಿರು ಕಾಣುತ್ತಿದೆ, ನಿಮ್ಮದು ವಾರ್ಮ್, ಅಂದರೆ ಹಳದಿ-ಕಿತ್ತಳೆ ಛಾಯೆ" ಎಂದು ಆ ಕಿತ್ತಳೆ ಬಾಟಲಿ ಕೊಟ್ಟಿದ್ದರು. ಈಗ ಗೆಳತಿಯೊಬ್ಬಳು "ನಿನ್ನದು ಆಲಿವ್ ಸ್ಕಿನ್" ಅನ್ನುತ್ತಿದ್ದಾಳೆ. ಆಲಿವ್ ಅಂದರೆ ಗ್ರೀಸ್, ಇಟಲಿಯವರ ಬಣ್ಣ ಅಲ್ವಾ? ನಮ್ಮಲ್ಲೂ ಇರುತ್ತದಾ? ತಿಳಿದವರು ಬಿಡಿಸಿ ಹೇಳಿ.

ಮಲ್ಲಿಗೆ_ಮೊಗ್ಗು

ತಂಗಿ, ನಮ್ಮಲ್ಲಿ ಧಾರಾಳವಾಗಿ ಇದೆ. ಮೈಸೂರಿನಲ್ಲಿ 11 ವರ್ಷದಿಂದ ಮದುಮಕ್ಕಳಿಗೆ ಮೇಕಪ್ ಮಾಡುತ್ತಿದ್ದೇನೆ. ನೀವು ಹೇಳಿದ ಮೂರು ಬಾಟಲಿ ಕಥೆ ನನಗೆ ಎಷ್ಟೋ ಹುಡುಗಿಯರು ಹೇಳಿದ್ದಾರೆ.

ಮೈಬಣ್ಣದಲ್ಲಿ ಎರಡು ವಿಷಯ ಬೇರೆ ಬೇರೆ ನೋಡಬೇಕು. ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು ಒಂದು. ಒಳಗಿನಿಂದ ಯಾವ ಛಾಯೆ ಇಣುಕುತ್ತದೆ ಅನ್ನುವುದು ಇನ್ನೊಂದು. ಇದನ್ನೇ ಅಂಡರ್‌ಟೋನ್ ಅನ್ನುವುದು. ಕೆಲವರಲ್ಲಿ ಗುಲಾಬಿ, ಕೆಲವರಲ್ಲಿ ಹಳದಿ, ಕೆಲವರಲ್ಲಿ ಕಿತ್ತಳೆ. ಆಲಿವ್ ಅಂದರೆ ಹಸಿರು ಇಣುಕುವ ಬಣ್ಣ. ತುಂಬ ಬೆಳ್ಳಗಿರುವವರಲ್ಲೂ ಆಲಿವ್ ಇರುತ್ತದೆ, ತುಂಬ ಕಪ್ಪಗಿರುವವರಲ್ಲೂ ಇರುತ್ತದೆ. "ಆಲಿವ್ ಅಂದರೆ ಮಧ್ಯಮ ಬಣ್ಣ" ಅಂತ ತಿಳಿದಿರುವುದೇ ದೊಡ್ಡ ಗೊಂದಲ.

ಫೌಂಡೇಶನ್ ಯಾಕೆ ಕೈಕೊಡುತ್ತದೆ ಅಂದರೆ, ಅದರೊಳಗಿನ ಬಣ್ಣ ಮುಖ್ಯವಾಗಿ ನಾಲ್ಕೇ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಉಳಿದದ್ದಕ್ಕೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. ಗಾಢ ಶೇಡ್ ಬೇಕು ಅಂದಾಗ ಹೆಚ್ಚಿನ ಕಡೆ ಕೆಂಪನ್ನು ಏರಿಸುತ್ತಾರೆ. ನಿಮ್ಮ ಮುಖದಲ್ಲಿ ಆ ಕೆಂಪು ಇಲ್ಲವೇ ಇಲ್ಲ. ಅದಕ್ಕೇ ಹಚ್ಚಿದ ತಕ್ಷಣ ಕಿತ್ತಳೆ ಎದ್ದು ಕಾಣುತ್ತದೆ. ಹಳದಿಗೆ ಒಂದು ಚೂರು ಕಪ್ಪು ಬೆರೆಸಿದರೆ ಹಸಿರು ಛಾಯೆ ಬರುತ್ತದೆ, ಶಾಲೆಯ ಡ್ರಾಯಿಂಗ್ ಕ್ಲಾಸಿನಲ್ಲಿ ಮಾಡಿ ನೋಡಿರುತ್ತೀರಿ. ಆಲಿವ್ ಶೇಡ್ ಮಾಡುವುದೂ ಹಾಗೆಯೇ. ಮಾಡುವವರು ಕಡಿಮೆ, ಅಷ್ಟೇ.

ಹೊಸ ಬಾಟಲಿ ಕೊಳ್ಳುವ ಮೊದಲು ಇದು ಮಾಡಿ. ನೀಲಿ ಮಿಕ್ಸರ್ ಡ್ರಾಪ್ಸ್ ಸಿಗುತ್ತದೆ. ಕಿತ್ತಳೆಗೆ ತಿರುಗುವ ಫೌಂಡೇಶನ್‌ಗೆ ಕಡ್ಡಿಯ ತುದಿಯಷ್ಟು ನೀಲಿ ಬೆರೆಸಿ. ಗುಲಾಬಿ ಅನ್ನಿಸುವುದಕ್ಕೆ ಹಸಿರು ಬೆರೆಸಿ. ಕೈಮೇಲೆ ಅಲ್ಲ, ದವಡೆಯಿಂದ ಕುತ್ತಿಗೆಗೆ ಇಳಿಯುವ ಜಾಗದಲ್ಲಿ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು, ಬೆಳಗ್ಗೆ ಹತ್ತರ ಸುಮಾರಿಗೆ ಬಿಸಿಲು ನೇರ ಬೀಳದ ಕಿಟಕಿ ಹತ್ತಿರ ನೋಡಿ. ಫೌಂಡೇಶನ್ ಹಚ್ಚಿದ ಮೇಲೆ ಸ್ವಲ್ಪ ಗಾಢ ಆಗುತ್ತದೆ, ಆದ್ದರಿಂದ ಕಾಯಲೇಬೇಕು.

ನರ ನೋಡಿ ಹೇಳುವ ಪರೀಕ್ಷೆ ನಮ್ಮ ಬಣ್ಣದವರಿಗೆ ಕೆಲಸ ಮಾಡುವುದಿಲ್ಲ. ನಾನು ಅದನ್ನು ಬಿಟ್ಟು ವರ್ಷಗಳಾದವು.

ತುಂಗೆಯ_ದಡ

ಅಯ್ಯೋ, ಇದು ನನ್ನದೇ ಕಥೆ. ನನ್ನ ಮದುವೆ ಆಲ್ಬಮ್‌ನಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಎಂಟು ವರ್ಷವಾದರೂ ಆ ಫೋಟೋ ಗೋಡೆಗೆ ಹಾಕಿಲ್ಲ.

ಪದಗಳ_ಪೆಟ್ಟಿಗೆ

ಆಲಿವ್ ಅಂದರೆ ನಾವು ಎಣ್ಣೆಗೆಂಪು ಅನ್ನುತ್ತೇವಲ್ಲ, ಅದೇನಾ?

ಮಲ್ಲಿಗೆ_ಮೊಗ್ಗು

ಇಲ್ಲ, ನನ್ನ ಪ್ರಕಾರ ಎಣ್ಣೆಗೆಂಪು ಅದಕ್ಕೆ ವಿರುದ್ಧ. ಎಣ್ಣೆಗೆಂಪಿನಲ್ಲಿ ಹೆಸರಲ್ಲೇ ಕೆಂಪು ಇದೆ. ಕಂದು ಮೈ, ಒಳಗೆ ಕೆಂಪು, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು. ಧಾರವಾಡದವರ ಅಕ್ಕ ಹಾಗಿರಬಹುದು.

ಪದಗಳ_ಪೆಟ್ಟಿಗೆ

ಹೌದು, ಸರಿ. ಹಾಗಾದರೆ ಯೋಚಿಸಿ ನೋಡಿ. ಎಣ್ಣೆಗಪ್ಪು, ಸಾದುಗಪ್ಪು, ನಸುಗಪ್ಪು, ಕಗ್ಗಪ್ಪು, ಗೋಧಿ ಬಣ್ಣ, ಹಾಲು ಬಿಳುಪು. ಇಷ್ಟು ಪದ ಇವೆ. ಎಲ್ಲವೂ ಕಪ್ಪು-ಬಿಳುಪಿನ ಸಾಲಿನಲ್ಲೇ ನಿಂತಿವೆ. ಛಾಯೆಗೆ ಹೆಸರಿರುವುದು ಕೆಂಪಿಗೆ ಮಾತ್ರ. ಬೆಳ್ಳಗಿರುವ ಮಗುವನ್ನು ಎಷ್ಟೋ ಮನೆಯಲ್ಲಿ "ಕೆಂಪಗಿದೆ" ಅನ್ನುತ್ತಾರೆ. ಕೆಂಪು ಅಂದರೆ ಚೆಂದ, ಕೆಂಪು ಅಂದರೆ ಆರೋಗ್ಯ. ಮುಖದಲ್ಲಿ ಕೆಂಪು ಕಾಣದವರಿಗೆ ಉಳಿಯುವುದು "ಬಾಡಿದೆ", "ಬಿಳುಚಿಕೊಂಡಿದೆ", "ಕಳೆ ಇಲ್ಲ". ಇವು ಮೂರೂ ಬಣ್ಣದ ಹೆಸರಲ್ಲ, ದೂರುಗಳು. ಧಾರವಾಡದವರು ಚಿಕ್ಕಂದಿನಿಂದ ಕೇಳಿಸಿಕೊಂಡದ್ದೂ ಅದೇ ಅಲ್ವಾ?

ಚರ್ಮದ_ಮಾತು

ನಾನು ಚರ್ಮರೋಗ ವೈದ್ಯ, ದಾವಣಗೆರೆ ಕಡೆ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ.

ಆಲಿವ್ ಅನ್ನುವುದು ಕಾಯಿಲೆಯೂ ಅಲ್ಲ, ವೈದ್ಯಕೀಯದ ಖಚಿತ ವಿಂಗಡಣೆಯೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಮೆಲನಿನ್ ಮತ್ತು ರಕ್ತದ ಹಿಮೋಗ್ಲೋಬಿನ್. ಜೊತೆಗೆ ಸೊಪ್ಪು, ಗಜ್ಜರಿ, ಪರಂಗಿಯಿಂದ ಬರುವ ಕ್ಯಾರೊಟೀನ್ ಸ್ವಲ್ಪ. ಮೆಲನಿನ್‌ನಲ್ಲಿ ಎರಡು ಬಗೆ: ಕಂದು-ಕಪ್ಪಿನ ಯೂಮೆಲನಿನ್, ಕೆಂಪು-ಹಳದಿಯ ಫಿಯೋಮೆಲನಿನ್. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಬಿಳಿಯರ ಕೆನ್ನೆ ಕೆಂಪಗೆ ಕಾಣುವುದು. ಮೇಲಿನ ಪದರದಲ್ಲಿ ಮೆಲನಿನ್ ಸಾಕಷ್ಟು ಇದ್ದರೆ ಆ ಕೆಂಪು ಮುಚ್ಚಿಹೋಗುತ್ತದೆ. ಆಗ ಹಳದಿ ಮುಂದೆ ಬರುತ್ತದೆ. ಇದರ ಜೊತೆ ಚರ್ಮದೊಳಗಿನಿಂದ ಚದುರಿ ಬರುವ ನೀಲಿ ಬೆಳಕು ಸೇರುತ್ತದೆ. ಹಳದಿಗೆ ನೀಲಿ ಸೇರಿದರೆ ಹಸಿರು.

ಮಣಿಕಟ್ಟಿನ ನರ ಹಸಿರು ಕಾಣುವುದೂ ಇದೇ ಕಾರಣಕ್ಕೆ. ಒಳಗಿರುವ ರಕ್ತ ಗಾಢ ಕೆಂಪೇ. ಬೆಳಕು ಚದುರುವುದರಿಂದ ನರ ನೀಲಿಯಾಗಿ ಕಾಣುತ್ತದೆ. ಹಳದಿ ಚರ್ಮದ ಮೂಲಕ ನೋಡಿದಾಗ ಆ ನೀಲಿ ಹಸಿರಾಗುತ್ತದೆ. ಅಂಗಡಿಯವರು ಅದನ್ನು ನೋಡಿ ಕಿತ್ತಳೆ ಕೊಟ್ಟಿದ್ದು ತಪ್ಪು ಲೆಕ್ಕ.

"ಟೈಪ್ 4 ಅಂದರೆ ಆಲಿವ್" ಅಂತ ಎಲ್ಲೆಡೆ ಬರೆದಿರುತ್ತಾರೆ. ಅದು ಫಿಟ್ಸ್‌ಪ್ಯಾಟ್ರಿಕ್ ಮಾಪಕ. ಹಾರ್ವರ್ಡ್‌ನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು. ಬೆಳಕಿನ ಚಿಕಿತ್ಸೆಗೆ ಎಷ್ಟು ಡೋಸ್ ಕೊಡಬೇಕು ಎಂದು ನಿರ್ಧರಿಸಲು ಅದು ಬೇಕಿತ್ತು. ಮೊದಲು ನಾಲ್ಕೇ ಬಗೆ, ಅದೂ ಬಿಳಿ ಚರ್ಮಕ್ಕೆ. ಕಂದು ಮತ್ತು ಕಪ್ಪು ಚರ್ಮಕ್ಕೆ 5, 6 ಆಮೇಲೆ ಸೇರಿದವು. ಬಿಸಿಲಿಗೆ ಸುಡುತ್ತದಾ, ಕಪ್ಪಾಗುತ್ತದಾ ಎನ್ನುವುದಷ್ಟೇ ಅದರ ಪ್ರಶ್ನೆ. ಹಸಿರು ಛಾಯೆಯನ್ನು ಅದು ಕೇಳುವುದೇ ಇಲ್ಲ.

ಇನ್ನು ಕಾಮಾಲೆಯ ಭಯ. ಕಾಮಾಲೆಯಲ್ಲಿ ಕಣ್ಣಿನ ಬಿಳಿ ಭಾಗ ಹಳದಿಯಾಗುತ್ತದೆ. ಮೂತ್ರ ಗಾಢವಾಗಬಹುದು. ಗಜ್ಜರಿ, ಪರಂಗಿ ವಿಪರೀತ ತಿಂದರೆ ಅಂಗೈ, ಅಂಗಾಲು ಹಳದಿಯಾಗುತ್ತವೆ, ಕಣ್ಣು ಬೆಳ್ಳಗೇ ಇರುತ್ತದೆ. ರಕ್ತಹೀನತೆಗೆ ಕೆಳ ರೆಪ್ಪೆಯ ಒಳಭಾಗ ಮತ್ತು ಉಗುರು ನೋಡಬೇಕು, ಮುಖ ನೋಡಿ ಹೇಳಬಾರದು. ಇಲ್ಲಿ ಒಂದು ಎಚ್ಚರಿಕೆ. ಆಲಿವ್ ಚರ್ಮದಲ್ಲಿ ಕೆಂಪು ಕಾಣುವುದೇ ಕಡಿಮೆಯಾದ್ದರಿಂದ, ನಿಜವಾದ ರಕ್ತಹೀನತೆ ಬಂದಾಗಲೂ "ನನ್ನ ಬಣ್ಣವೇ ಹೀಗೆ" ಎಂದು ಬಿಟ್ಟುಬಿಡುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಜನರಿಗೆ ರಕ್ತಹೀನತೆ ಇತ್ತು. ಆದ್ದರಿಂದ ನೀವು ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ. ಬಣ್ಣ ಹುಟ್ಟಿನಿಂದ ಹಾಗೇ ಇದ್ದರೆ ಅದು ನಿಮ್ಮ ಬಣ್ಣ. ಕೆಲವೇ ವಾರಗಳಲ್ಲಿ ಬದಲಾದರೆ ವೈದ್ಯರ ಬಳಿ ಹೋಗಿ.

ಬಿಳಿಜೋಳ

ಡಾಕ್ಟ್ರು ಹೇಳಿದ್ದು ಓದಿ ನನಗೆ ನಮ್ಮವ್ವ ನೆನಪಾದಳು. ನಾನು ವಿಜಯಪುರ ಜಿಲ್ಲೆಯವಳು, ನಿವೃತ್ತ ಶಿಕ್ಷಕಿ. ನಮ್ಮವ್ವನ ಎರಡೂ ಮುಂಗೈ ಮೇಲೆ, ಗದ್ದದ ಮೇಲೆ ಹಚ್ಚೆ ಇತ್ತು. ಕೊರವಂಜಿ ಬಂದು ಹಾಕಿದ್ದು. ದೀಪದ ಕಾಡಿಗೆ ಕಲಸಿ, ಸೂಜಿ ಕಟ್ಟಿಕೊಂಡು ಚುಚ್ಚುತ್ತಿದ್ದರಂತೆ. ಅಂದರೆ ಒಳಗೆ ಹೋದದ್ದು ಅಪ್ಪಟ ಕಪ್ಪು ಮಸಿ. ಆದರೆ ನಾನು ಹುಟ್ಟಿದಾಗಿನಿಂದ ನೋಡಿದ ಆ ಹಚ್ಚೆ ಹಸಿರು. ಎಳೆ ಹಸಿರಲ್ಲ, ಹುಣಸೆ ಎಲೆ ಒಣಗುವಾಗ ಬರುವ ಹಸಿರು.

ಹಚ್ಚೆ ಅನ್ನುವ ಪದವೇ ಪಚ್ಚೆಯಿಂದ ಬಂದದ್ದು. ಪಚ್ಚೆ ಅಂದರೆ ಹಸಿರು. ಹಚ್ಚಹಸಿರು ಅನ್ನುವಾಗಿನ ಹಚ್ಚ ಕೂಡ ಅದೇ. ತಮಿಳಿನವರು ಇವತ್ತಿಗೂ ಹಚ್ಚೆಗೆ "ಪಚ್ಚೈ" ಅಂತಲೇ ಹೇಳುತ್ತಾರೆ. ತರಗತಿಯಲ್ಲಿ ಈ ಪದ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಕಪ್ಪು ಮಸಿಗೆ ಹಸಿರು ಅಂತ ಯಾಕೆ ಹೆಸರು ಬಂತು ಅನ್ನುವುದು ಇವತ್ತು ಹೊಳೆಯಿತು. ಕಪ್ಪನ್ನು ನಮ್ಮ ಚರ್ಮದ ಕೆಳಗಿಟ್ಟು ನೋಡಿದರೆ ಹಸಿರು ಕಾಣುತ್ತದೆ. ನಮ್ಮ ಹಿರಿಯರು ಅದನ್ನು ಕಣ್ಣಾರೆ ಕಂಡು ಹೆಸರಿಟ್ಟಿದ್ದಾರೆ.

ಡಾಕ್ಟ್ರೇ, ನನ್ನ ತಿಳುವಳಿಕೆ ಸರಿಯೇ?

ಚರ್ಮದ_ಮಾತು

ಅಮ್ಮಾ, ಪೂರ್ತಿ ಸರಿ. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಕಪ್ಪು ಬಣ್ಣ ಚರ್ಮದ ಆಳದಲ್ಲಿದ್ದಾಗ ಕೆಂಪು ಬೆಳಕು ಒಳಗಿಳಿದು ಅಲ್ಲೇ ಹೀರಿಹೋಗುತ್ತದೆ. ನೀಲಿ ಬೆಳಕು ಅಷ್ಟು ಆಳಕ್ಕೆ ಹೋಗುವ ಮೊದಲೇ ಚದುರಿ ವಾಪಸ್ ಬರುತ್ತದೆ. ಆಕಾಶ ನೀಲಿ ಕಾಣುವುದಕ್ಕೂ ಇದಕ್ಕೂ ಹತ್ತಿರದ ನಂಟು.

ಹಚ್ಚೆ ಇಲ್ಲದೆಯೂ ಇದನ್ನು ನೋಡಬಹುದು. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟುವಾಗ ಸೊಂಟದ ಕೆಳಗೆ ನೀಲಿ-ಹಸಿರು ಮಚ್ಚೆ ಇರುತ್ತದೆ. ಹೊಸ ತಾಯಂದಿರು ಪೆಟ್ಟು ಬಿದ್ದಿದೆ ಎಂದು ಹೆದರಿ ಬರುತ್ತಾರೆ. ಅದು ಆಳದಲ್ಲಿ ಉಳಿದ ಮೆಲನಿನ್. ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಹೋಗುವ ಹೊತ್ತಿಗೆ ಮಾಯವಾಗುತ್ತದೆ.

ಏಜಿಯನ್_ತೀರ

ಆಲಿವ್ ಗ್ರೀಸಿನವರ ಬಣ್ಣ ಅಲ್ವಾ ಅಂತ ಕೇಳಿದ್ದೀರಲ್ಲ. ಆರು ವರ್ಷದಿಂದ ಅಥೆನ್ಸ್‌ನಲ್ಲಿದ್ದೇನೆ, ಊರು ಶಿರಸಿ. ಇಲ್ಲಿ ರಸ್ತೆ ಬದಿಯಲ್ಲೂ ಆಲಿವ್ ಮರ. ಹಣ್ಣು ಎಳೆಯದಿದ್ದಾಗ ಹಸಿರು, ಪೂರ್ತಿ ಹಣ್ಣಾದಾಗ ಕಪ್ಪು. ಮೈಬಣ್ಣಕ್ಕೆ ಹೋಲಿಸುವುದು ಹಸಿರು ಕಾಯಿಗೆ.

ಆದರೆ ಆಲಿವ್ ಬೆಳೆಯುವ ಈ ಜನ ತಮ್ಮ ಬಣ್ಣಕ್ಕೆ ಏನನ್ನುತ್ತಾರೆ ಗೊತ್ತಾ? ಗೋಧಿ! ಗ್ರೀಕ್‌ನಲ್ಲಿ "ಸ್ತರಾತೋಸ್" ಅಂದರೆ ಗೋಧಿ ಬಣ್ಣದವನು. ನಡುವಿನ ಸಮುದ್ರ ದಾಟಿದರೆ ಟರ್ಕಿಯವರು "ಬೂದಾಯ್ ತೆನ್ಲಿ" ಅನ್ನುತ್ತಾರೆ, ಅದೂ ಗೋಧಿ ಮೈ. ಅರಬ್ಬಿಯಲ್ಲಿ "ಕಮ್ಹಿ", ಸ್ಪ್ಯಾನಿಷ್‌ನಲ್ಲಿ "ತ್ರಿಗೇನ್ಯೊ", ಎರಡೂ ಗೋಧಿಯಿಂದಲೇ ಬಂದ ಪದ. ಇಟಲಿಯವರು "ಒಲಿವಾಸ್ತ್ರೊ" ಅನ್ನುತ್ತಾರೆ, ಅದು ಆಲಿವ್. ಆಫೀಸಿನ ಗೆಳತಿಗೆ ನಮ್ಮ ಭಾಷೆಯಲ್ಲೂ ಗೋಧಿ ಬಣ್ಣ ಅನ್ನುತ್ತೇವೆ ಎಂದೆ. ಅವಳು ತನ್ನ ಕೈ ನನ್ನ ಕೈ ಪಕ್ಕ ಇಟ್ಟಳು. ನನ್ನದು ನಾಲ್ಕು ಪಟ್ಟು ಗಾಢ. ಛಾಯೆ ಮಾತ್ರ ಒಂದೇ, ಒಂದೇ ಹಸಿರು. ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು.

ಹೆಸರು ಅವರ ಹಣ್ಣಿನದ್ದು, ಬಣ್ಣ ಎಲ್ಲರದ್ದೂ. ಮೆಕ್ಸಿಕೋ, ಇರಾನ್, ಚೀನಾ, ನಮ್ಮ ಕರ್ನಾಟಕ, ಎಲ್ಲ ಕಡೆ ಇದ್ದಾರೆ.

ನೇರ_ಮಾತು

ಕ್ಷಮಿಸಿ, ಸ್ವಲ್ಪ ಒರಟಾಗಿ ಕೇಳುತ್ತೇನೆ. ಕಪ್ಪು-ಬಿಳುಪು ಅಂತ ನಮ್ಮ ಹೆಣ್ಣುಮಕ್ಕಳು ಅನುಭವಿಸಿದ್ದು ಸಾಲದಾ? ಈಗ ಅಂಡರ್‌ಟೋನ್ ಅಂತ ಇನ್ನೊಂದು ಅಳತೆ ಯಾಕೆ? ಇದೂ ಬಾಟಲಿ ಮಾರುವ ದಾರಿ ಅನ್ನಿಸುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿಕೊಂಡಿತು. 45 ವರ್ಷ ಆ ಹೆಸರು ನಮ್ಮ ಮನೆಗಳ ಕನ್ನಡಿ ಮುಂದೆ ಇತ್ತು. ನನ್ನ ತಂಗಿಗೆ ಆ ದಿನಗಳು ಇನ್ನೂ ಮರೆತಿಲ್ಲ.

ಧಾರವಾಡದ_ಮಳೆ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನನಗೆ ಇದು ಉಲ್ಟಾ ಅನ್ನಿಸಿತು. ಇಷ್ಟು ದಿನ ನನಗೆ ಕೊಟ್ಟದ್ದೆಲ್ಲ ನನ್ನ ಬಣ್ಣವನ್ನು ಸರಿಪಡಿಸುವ ಸಾಮಾನು. ಹಳದಿ ತೆಗೆಯಲು ಫೇಶಿಯಲ್, ಕಳೆ ಬರಲು ಗುಲಾಬಿ ಪೌಡರ್. "ನಿನ್ನ ಬಣ್ಣ ಇದು, ಇದಕ್ಕೆ ಹೆಸರಿದೆ, ಬೇರೆ ಊರಿನಲ್ಲೂ ಇದ್ದಾರೆ" ಅಂತ ಯಾರೂ ಹೇಳಿರಲಿಲ್ಲ. ಬೆಳಗ್ಗೆಯಿಂದ ಬಿಳಿಜೋಳ ಅಮ್ಮ ಬರೆದದ್ದನ್ನು ಮೂರು ಸಲ ಓದಿದೆ.

ನೆರಳುಬೆಳಕು

ನಾನು ಸಿನಿಮಾ, ಜಾಹೀರಾತುಗಳಿಗೆ ಕಲರ್ ಗ್ರೇಡಿಂಗ್ ಮಾಡುತ್ತೇನೆ. ನೇರ_ಮಾತು ಅವರ ಪ್ರಶ್ನೆಗೆ ನನ್ನ ಕೆಲಸದ ಕಡೆಯಿಂದ ಒಂದು ಉತ್ತರ ಇದೆ.

ಬಣ್ಣ ಅಳೆಯುವಾಗ ಮೂರು ಸಂಖ್ಯೆ ಬೇಕು. ಎಷ್ಟು ಬೆಳಕು ಅನ್ನುವುದಕ್ಕೆ ಎಲ್. ಕೆಂಪಿನಿಂದ ಹಸಿರಿನವರೆಗೆ ಎ. ಹಳದಿಯಿಂದ ನೀಲಿವರೆಗೆ ಬಿ. ಈ ಮೂರು ಅಕ್ಷರ ಸೇರಿಸಿ ಲ್ಯಾಬ್ ಎಂದು ಕರೆಯುವ, 1976ರಿಂದ ಬಳಕೆಯಲ್ಲಿರುವ ಪದ್ಧತಿ ಇದು. ಚರ್ಮದ ಬಣ್ಣವನ್ನು ಲ್ಯಾಬೊರೇಟರಿಗಳಲ್ಲಿ ವಿಂಗಡಿಸಲು ಐಟಿಎ ಎಂಬ ಕೋನ ಬಳಸುತ್ತಾರೆ. ಅದರ ಲೆಕ್ಕದಲ್ಲಿ ಎಲ್ ಇದೆ, ಬಿ ಇದೆ. ಎ ಇಲ್ಲ. ಅಂದರೆ ಕೆಂಪೋ ಹಸಿರೋ ಅನ್ನುವ ಮಾಹಿತಿಯನ್ನೇ ಬಿಟ್ಟು ಅಳೆಯುತ್ತಾರೆ. ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ಮಾಡಿದ, ಗೂಗಲ್ 2022ರಲ್ಲಿ ಹೊರತಂದ 10 ಬಣ್ಣದ ಪಟ್ಟಿ ಫಿಟ್ಸ್‌ಪ್ಯಾಟ್ರಿಕ್‌ಗಿಂತ ಎಷ್ಟೋ ವಾಸಿ. ಅದೂ ಮುಖ್ಯವಾಗಿ ತಿಳಿಯಿಂದ ಗಾಢಕ್ಕೆ ಹೋಗುವ ಏಣಿಯೇ. ಹೊಸ ಅಳತೆ ಯಾಕೆ ಅಂದರೆ, ಹಳೆಯ ಅಳತೆಗಳೆಲ್ಲ ಕಪ್ಪೆಷ್ಟು ಅನ್ನುವುದನ್ನೇ ಕೇಳುತ್ತಾ ಬಂದಿವೆ, ಅದಕ್ಕೆ.

ಮದುವೆಗೆ ಬೇಕಾದ್ದು ಹೇಳುತ್ತೇನೆ. ನಿಮ್ಮ ಮುಖ ಕೆಲವು ಕಡೆ ತೀರಾ ಹಸಿರು ಕಂಡರೆ ಮುಖವನ್ನು ಬೈಯಬೇಡಿ, ಬಲ್ಬ್ ನೋಡಿ. ಹಳೆ ಟ್ಯೂಬ್‌ಲೈಟ್‌ನಲ್ಲಿ ಪಾದರಸದ ಆವಿ ಇದೆ. ಅದರ ಬೆಳಕಿನಲ್ಲಿ 546 ನ್ಯಾನೋಮೀಟರ್ ಹತ್ತಿರ ಹಸಿರು ಒಂದು ಮೊನೆಯ ಹಾಗೆ ಎದ್ದಿರುತ್ತದೆ. ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ಕಡಿಮೆ. ಚರ್ಮದ ಕೆಂಪನ್ನು ತೋರಿಸಲು ಆ ಬೆಳಕಿಗೆ ಆಗುವುದಿಲ್ಲ. ಗುಲಾಬಿ ಮೈಯವರಿಗೆ ಇದು ಅಷ್ಟು ತಟ್ಟುವುದಿಲ್ಲ, ಅವರ ಹತ್ತಿರ ಕೆಂಪು ಮಿಕ್ಕಿದೆ. ನಿಮ್ಮಲ್ಲಿ ಮೊದಲೇ ಕಡಿಮೆ. ಆಫೀಸಿನ ಲಿಫ್ಟ್, ಕಲ್ಯಾಣ ಮಂಟಪದ ಡ್ರೆಸ್ಸಿಂಗ್ ರೂಮ್, ಬಟ್ಟೆ ಅಂಗಡಿಯ ಟ್ರಯಲ್ ರೂಮ್, ಎಲ್ಲ ಕಡೆ ಇದೇ ಗೋಳು.

ಡ್ರೆಸ್ಸಿಂಗ್ ರೂಮಿಗೆ ಒಳ್ಳೆ ಸಿಆರ್‌ಐ ಇರುವ ಎರಡು ಬಲ್ಬ್ ತೆಗೆದುಕೊಂಡು ಹೋಗಿ. ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ ಅದು, 90ಕ್ಕಿಂತ ಮೇಲೆ ಅಂತ ಡಬ್ಬದ ಮೇಲೆ ಬರೆದಿರಬೇಕು. ಫೋಟೋಗ್ರಾಫರ್‌ಗೆ ಮೊದಲೇ ಹೇಳಿ, ಟಿಂಟ್ ಅನ್ನು ಮಜೆಂಟಾ ಕಡೆ ಎಳೆಯಬೇಡಿ ಎಂದು. ಕ್ಯಾಮೆರಾ ನಿಮ್ಮ ಹಸಿರನ್ನು ಬೆಳಕಿನ ತಪ್ಪು ಎಂದು ತಿಳಿದು ತಾನಾಗಿ ಗುಲಾಬಿ ಸುರಿಯುತ್ತದೆ. ಬಿಳಿ ಪಂಚೆಯೋ ಬೂದು ಕಾರ್ಡೋ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿಸಿ. ತುಂಗೆಯ_ದಡ ಅವರೇ, ನಿಮ್ಮ ಆಲ್ಬಮ್‌ನ ಮೂಲ ಫೈಲ್ ಇದ್ದರೆ ಈಗಲೂ ಸರಿ ಮಾಡಬಹುದು. ಸ್ಟುಡಿಯೋದವರನ್ನು ಒಮ್ಮೆ ಕೇಳಿ.

ತುಂಗೆಯ_ದಡ

ನಿಜವಾಗಿಯೂ? ಅವರ ಹತ್ತಿರ ಹಾರ್ಡ್‌ಡಿಸ್ಕ್ ಇದೆ ಅಂದಿದ್ದರು. ನಾಳೆಯೇ ಫೋನ್ ಮಾಡುತ್ತೇನೆ.

ಕೊಂಡಿ_ಸೆರಗು

ಸೀರೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ಇಳಕಲ್ ಸೀರೆ ವ್ಯಾಪಾರ, ಮೂರು ತಲೆಮಾರಿನದು. ನಮ್ಮ ತಾತ ಗಿರಾಕಿಗಳನ್ನು ಬಾಗಿಲ ಹತ್ತಿರ ಕರೆದು, ಗಲ್ಲದ ಕೆಳಗೆ ಸೆರಗು ಹಿಡಿದು ನೋಡುತ್ತಿದ್ದರು. ಸೀರೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಕೆಲವು ಬಣ್ಣ ಹಿಡಿದರೆ ಕಣ್ಣಿನ ಸುತ್ತ ಕಪ್ಪು ಎದ್ದು ಬರುತ್ತದೆ. ಕೆಲವು ಹಿಡಿದರೆ ಅದೇ ಮುಖ ತಿಳಿಯಾಗುತ್ತದೆ.

ನಿಮ್ಮಂಥ ಹಸಿರು ಮೈಯವರಿಗೆ ನಾನು ಕಂಡಂತೆ ದಾಳಿಂಬೆ ಕೆಂಪು, ಇಟ್ಟಿಗೆ ಕೆಂಪು, ನೇರಳೆ, ನವಿಲು ನೀಲಿ, ಎಲೆ ಹಸಿರು ಚೆನ್ನಾಗಿ ಒಪ್ಪುತ್ತವೆ. ಬೇಬಿ ಪಿಂಕ್, ಪೀಚ್, ತಿಳಿ ಬೂದು ಹಾಕಿದರೆ ಮುಖ ಸಪ್ಪೆ. ಅರಿಶಿನ ಹಳದಿ ಕೆಲವರಿಗೆ ಬಂಗಾರದ ಹಾಗೆ ಒಪ್ಪುತ್ತದೆ, ಕೆಲವರಿಗೆ ಹಳದಿಯ ಮೇಲೆ ಹಳದಿ ಆಗಿಬಿಡುತ್ತದೆ. ಇದಕ್ಕೆ ನಿಯಮ ಇಲ್ಲ, ಹಿಡಿದೇ ನೋಡಬೇಕು. ತೋಪು ತೆನೆ ಅನ್ನುವ ಇಳಕಲ್ ವಿನ್ಯಾಸದ ಕೆಂಪು ಸೆರಗು ಹೆಗಲಿಗೆ ಬಂದರೆ ಆ ಕೆಂಪು ಮುಖಕ್ಕೆ ಪ್ರತಿಫಲಿಸುತ್ತದೆ. ಇಳಕಲ್ ಸೀರೆ ಕಂದು ಮೈಯವರಿಗೆ ಯಾಕೆ ಅಷ್ಟು ಚೆಂದ ಅಂದರೆ ಅದಕ್ಕೇ ಅಂತ ನನ್ನ ನಂಬಿಕೆ.

ಮಗಳ_ತಾಯಿ

ಡಾಕ್ಟರ್, ಒಂದು ಪ್ರಶ್ನೆ. ನನ್ನ ಮಗಳಿಗೆ 17. ಇದೇ ಬಣ್ಣ. ಬಿಸಿಲಿಗೆ ಹೋದರೆ ಕೆಂಪಾಗುವುದೇ ಇಲ್ಲ, ಎರಡು ದಿನದಲ್ಲಿ ಕಪ್ಪಾಗುತ್ತಾಳೆ. ಸನ್‌ಸ್ಕ್ರೀನ್ ಬೇಡ ಅನ್ನುತ್ತಾಳೆ, ಬಿಳಿ ಬಳಿದ ಹಾಗೆ ಕಾಣುತ್ತದಂತೆ. ಮೊಡವೆ ಹೋದ ಜಾಗದಲ್ಲಿ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಓಣಿಯ ಪಾರ್ಲರಿನಲ್ಲಿ ಲೇಸರ್‌ನಿಂದ ಕೂದಲು ತೆಗೆಯುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಚರ್ಮದ_ಮಾತು

ಮೇಡಂ, ನೀವು ಹೇಳಿದ್ದೆಲ್ಲ ಈ ಬಗೆಯ ಚರ್ಮದ ಗುಣವೇ. ಸುಡುವುದು ಕಡಿಮೆ, ಕಪ್ಪಾಗುವುದು ಬೇಗ. ಆದರೆ ಗಾಯ, ಮೊಡವೆ, ವ್ಯಾಕ್ಸಿಂಗ್, ಸೊಳ್ಳೆ ಕಚ್ಚಿದ್ದು, ಏನೇ ಆದರೂ ಉರಿ ಇಳಿದ ಮೇಲೆ ಕಂದು ಕಲೆ ಬಿಟ್ಟುಹೋಗುತ್ತದೆ. ಮೆಲನಿನ್ ಕೋಶಗಳು ಇಲ್ಲಿ ಬಹಳ ಚುರುಕು. ಆದ್ದರಿಂದ ಕಲೆ ತೆಗೆಯುವುದಕ್ಕಿಂತ ಉರಿ ಆಗದಂತೆ ನೋಡಿಕೊಳ್ಳುವುದು ಮುಖ್ಯ. ಮೊಡವೆ ಚಿವುಟಬಾರದು. ನಿಂಬೆಹಣ್ಣು, ಅಡುಗೆ ಸೋಡಾ ಮುಖಕ್ಕೆ ಹಚ್ಚಲೇಬಾರದು. ನಿಂಬೆ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಅಲ್ಲೇ ಕಪ್ಪು ಕಲೆ ಕೂರುತ್ತದೆ.

ಸನ್‌ಸ್ಕ್ರೀನ್ ಬೇಕು. ಕೆಂಪಾಗಲಿಲ್ಲ ಅಂದರೆ ಹಾನಿ ಆಗಲಿಲ್ಲ ಅಂತಲ್ಲ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಬಿಳಿ ಪುಡಿಗಳು, ಅದಕ್ಕೇ ಬೂದಿ ಬಳಿದ ಹಾಗೆ. ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ಕೊಡಿಸಿ. ಅದರಲ್ಲಿರುವ ಐರನ್ ಆಕ್ಸೈಡ್, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ನಮ್ಮ ಚರ್ಮದಲ್ಲಿ ಆ ಬೆಳಕು ಕೂಡ ಕಪ್ಪು ಕಲೆ ಹೆಚ್ಚಿಸುತ್ತದೆ. ಭಂಗು ಇರುವವರಿಗೆ ಇದು ವಿಶೇಷವಾಗಿ ಬೇಕು.

ಲೇಸರ್ ಪಾರ್ಲರಿನಲ್ಲಿ ಬೇಡ. ಲೇಸರ್ ಹುಡುಕುವುದು ಕೂದಲ ಬುಡದ ಮೆಲನಿನ್. ಚರ್ಮದಲ್ಲೂ ಮೆಲನಿನ್ ಇದ್ದರೆ ಅಲ್ಲೇ ಸುಟ್ಟುಬಿಡಬಹುದು. ನಮ್ಮ ಬಣ್ಣಕ್ಕೆ ಉದ್ದ ತರಂಗದ ಎನ್‌ಡಿ-ಯಾಗ್, ಅಂದರೆ 1064 ನ್ಯಾನೋಮೀಟರ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ, ಯಾರು ಮಾಡುತ್ತಾರೆ ಎಂದು ಕೇಳಿ, ಚರ್ಮವೈದ್ಯರ ಬಳಿಯೇ ಮಾಡಿಸಿ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಹೆಸರಿಲ್ಲದ ಡಬ್ಬಿಯ ಬಿಳಿ ಮಾಡುವ ಕ್ರೀಮ್ ಮನೆಗೆ ತರಬೇಡಿ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿಗೆ ಹೋಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು 2023ರಲ್ಲಿ ಬೆಳಕಿಗೆ ಬಂತು. ಕೆಲವದರಲ್ಲಿ ಸ್ಟೀರಾಯ್ಡ್. ಮೊದಲ ತಿಂಗಳು ಮುಖ ಫಳಫಳ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಹಾಳು. ವಾರಕ್ಕೊಬ್ಬ ಹುಡುಗಿಯಾದರೂ ಈ ಸ್ಥಿತಿಯಲ್ಲಿ ನನ್ನ ಮುಂದೆ ಕೂತು ಅಳುತ್ತಾಳೆ.

ಮಗಳ_ತಾಯಿ

ಮಗಳ ಟೇಬಲ್ ಮೇಲೆ ಅಂಥದ್ದೊಂದು ಡಬ್ಬಿ ಇದೆ. ಈಗಲೇ ಎತ್ತಿಟ್ಟೆ. ನಾಳೆ ಅವಳ ಜೊತೆ ಕೂತು ಮಾತಾಡುತ್ತೇನೆ. ತುಂಬ ಉಪಕಾರವಾಯಿತು ಡಾಕ್ಟರ್.

ಚರ್ಮದ_ಮಾತು

ಬೈಯಬೇಡಿ. ಎಷ್ಟು ದಿನದಿಂದ ಹಚ್ಚುತ್ತಿದ್ದಾಳೆ ಎಂದು ಕೇಳಿಕೊಂಡು ಡಬ್ಬಿ ಸಮೇತ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸ್ಟೀರಾಯ್ಡ್ ಇದ್ದರೆ ಬಿಡಿಸುವುದಕ್ಕೂ ಒಂದು ಕ್ರಮ ಇದೆ.

ಧಾರವಾಡದ_ಮಳೆ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಮಲ್ಲಿಗೆ ಅಕ್ಕ, ನೀಲಿ ಡ್ರಾಪ್ಸ್ ತರಿಸಿದೆ. ಮೊದಲ ಸಲ ಜಾಸ್ತಿ ಬಿತ್ತು, ಮುಖ ಸತ್ತ ಹಾಗಾಯಿತು. ಎರಡನೇ ಸಲ ಹಲ್ಲುಕಡ್ಡಿಯ ತುದಿಯಲ್ಲಿ ಮುಟ್ಟಿಸಿ ಬೆರೆಸಿದೆ. ಭಾನುವಾರ ಬೆಳಗ್ಗೆ ಹಿತ್ತಲ ಕಿಟಕಿ ಹತ್ತಿರ ಕೂತು ಅರ್ಧ ಮುಖಕ್ಕೆ ಹಚ್ಚಿ, ಅಕ್ಕನಿಗೆ ಯಾವ ಕಡೆ ಹಚ್ಚಿದ್ದೇನೆ ಹೇಳು ಎಂದೆ. ಅವಳು ಹತ್ತಿರ ಬಂದು, ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹೇಳಲು ಆಗಲಿಲ್ಲ.

ಆ ಹೊತ್ತಿಗೆ ಅಜ್ಜಿ ಬಂದು ಪಕ್ಕ ಕೂತರು. ಅವರ ಮುಂಗೈಯಲ್ಲೂ ಹಚ್ಚೆ ಇದೆ, ತುಳಸಿ ಕಟ್ಟೆಯದು. ಇಷ್ಟು ವರ್ಷ ನೋಡಿದ್ದೆ, ನೋಡಿರಲಿಲ್ಲ. ಅವರ ಕೈ ಪಕ್ಕ ನನ್ನ ಕೈ ಇಟ್ಟೆ. ಒಂದೇ ಬಣ್ಣ.

ಮಲ್ಲಿಗೆ ಅಕ್ಕ, ಇನ್ನೊಂದೇ ಪ್ರಶ್ನೆ. ಅರಿಶಿನ ಶಾಸ್ತ್ರ ಮದುವೆಯ ಹಿಂದಿನ ದಿನ ಸಂಜೆ ಇಟ್ಟಿದ್ದಾರೆ. ಆ ಹಳದಿ ಮೇಕಪ್‌ಗೆ ತೊಂದರೆ ಕೊಡುತ್ತದಾ?

ಮಲ್ಲಿಗೆ_ಮೊಗ್ಗು

ಕೊಡುತ್ತದೆ ತಂಗಿ. ಅರಿಶಿನ ಎರಡು ಮೂರು ದಿನ ಚರ್ಮದಲ್ಲಿ ಕೂರುತ್ತದೆ. ನಿಮ್ಮ ಬಣ್ಣದ ಮೇಲೆ ಅದು ಕೂತರೆ ನಾವು ಬೆರೆಸಿಟ್ಟ ಲೆಕ್ಕ ತಪ್ಪುತ್ತದೆ. ಅಮ್ಮನ ಹತ್ತಿರ ಮಾತಾಡಿ ಶಾಸ್ತ್ರವನ್ನು ಎರಡು ದಿನ ಮೊದಲು ಇಟ್ಟುಕೊಳ್ಳಲು ಆಗುತ್ತದಾ ಕೇಳಿ. ಆಗದಿದ್ದರೆ ಮುಖಕ್ಕೆ ಶಾಸ್ತ್ರಕ್ಕೆ ಎಷ್ಟು ಬೇಕೋ ಅಷ್ಟೇ, ಒಂದು ಬೊಟ್ಟು. ಉಳಿದದ್ದು ಕೈಕಾಲಿಗೆ. ಹಚ್ಚುವ ಮೊದಲು ಮುಖಕ್ಕೆ, ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿರಲಿ, ಬಣ್ಣ ಅಷ್ಟು ಹಿಡಿಯುವುದಿಲ್ಲ. ಟ್ರಯಲ್ ಮಾಡಿಸುವ ದಿನ ಧಾರೆ ಸೀರೆ ತೆಗೆದುಕೊಂಡು ಹೋಗಿ ಹೆಗಲ ಮೇಲೆ ಹಾಕಿಕೊಂಡೇ ಕೂರಿ. ಮತ್ತೆ ಆ ನೀಲಿ ಬೆರೆಸಿದ ಬಾಟಲಿಯ ಮೇಲೆ ಎಷ್ಟು ಹನಿಗೆ ಎಷ್ಟು ಅಂತ ಪಟ್ಟಿ ಅಂಟಿಸಿ ಬರೆದಿಡಿ. ಮದುವೆ ಬೆಳಗ್ಗೆ ನೆನಪಿರುವುದಿಲ್ಲ.